ಬಾಯಿಗೆ ನೀರು ಬಿಡುವ ಕೈ

"ನಾನು ಹೋಗೋ ಹೊತ್ತಲ್ಲಿ ನನ್ ಬಾಯಿಗೆ ನೀರು ಬಿಡೋಳು ನನ್ ದೊಡ್ಡ ಮಗ್ಳು. ಬೇರೆ ಯಾರ್ ಬಿಟ್ರೂ ಗಂಟಲಲ್ಲಿ ಇಳಿಯಲ್ಲ, ಈಗ್ಲೇ ಹೇಳಿವ್ನಿ."

ಅಮ್ಮ ಇದನ್ನು ಹೇಳಿದ್ದು ಅವರೆಕಾಯಿ ಸುಲಿಯುತ್ತಿದ್ದ ಹೊತ್ತಿನಲ್ಲಿ. ಸುಲಿಯುತ್ತಿದ್ದವಳು ನಾನು. ಶಾಲೆ ಬಿಟ್ಟ ಮೇಲೆ ರಸೆಲ್ ಮಾರುಕಟ್ಟೆಗೆ ಹೋಗಿ, ಸೊಗಡು ಇದೆಯೋ ಇಲ್ಲವೋ ಎಂದು ಮೂಸಿ ಆರಿಸಿ, ನಿಲ್ಲಲೂ ಜಾಗವಿಲ್ಲದ ಬಸ್ಸಿನಲ್ಲಿ ರಾಮಮೂರ್ತಿ ನಗರದವರೆಗೆ ಹೊತ್ತು ತಂದವಳೂ ನಾನೇ. ಅಕ್ಕ ಉಗುರಿಗೆ ಬಣ್ಣ ಹಚ್ಚಿಸಿಕೊಂಡು ಬಂದಿದ್ದಳು, ಹಾಗಾಗಿ ಸೋಫಾದ ಮೇಲೆ ಕೂತು ನೋಡುತ್ತಿದ್ದಳು.

"ಹಂಗಾದ್ರೆ ನನ್ನ ಕೈ ಯಾಕಿರೋದು? ಅವರೆಕಾಯಿ ಸುಲಿಯಕ್ಕಾ?" ಅಂದೆ.

"ಹೂಂ ಮತ್ತೆ. ಅದನ್ನ ನೀನು ಚೆಂದಾಗ್ ಸುಲೀತೀಯ" ಎಂದು ಅಮ್ಮ ನಕ್ಕಳು. ಅಕ್ಕನೂ ನಕ್ಕಳು. ನನಗೆ ನಗು ಬರಲಿಲ್ಲ.

ಕೊನೆಯುಸಿರಿನ ಹೊತ್ತಿಗೆ ಕಾಶಿಯಿಂದ ತಂದ ಗಂಗೆಯನ್ನು ಬಾಯಿಗೆ ಬಿಡುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಇಂಥವರು ಇಂಥವರ ಕೈಯಿಂದ ನೀರು ಬಿಡಿಸಿಕೊಂಡು ಹೋದರು ಅನ್ನುವುದನ್ನು ನೆಂಟರು ಆಮೇಲೆ ಎಷ್ಟೋ ಕಾಲ ಹೇಳಿಕೊಂಡು ತಿರುಗುತ್ತಾರೆ. ಸತ್ತವರ ಪ್ರಾಣ ಯಾರ ಮೇಲಿತ್ತು ಅನ್ನುವುದಕ್ಕೆ ಅದೇ ಸಾಕ್ಷಿ. ಅಮ್ಮ ಸಾಯಲಿ ಎಂದು ನಾನು ಯಾವತ್ತೂ ಬಯಸಲಿಲ್ಲ, ದೇವರಾಣೆ. ಆದರೆ ಆ ಸಾಕ್ಷಿ ಅಕ್ಕನ ಪಾಲಾಗುವುದನ್ನು ನೆನೆದರೆ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದ ಹಾಗಾಗುತ್ತಿತ್ತು.

ನಮ್ಮದು ಕೆ.ಆರ್. ಪುರದ ಆಚೆಯ ಹಳ್ಳಿ. ಅಪ್ಪನ ರಾಗಿ ಹೊಲ ಇದ್ದ ಜಾಗದಲ್ಲಿ ಈಗ ಅಪಾರ್ಟ್‌ಮೆಂಟು ನಿಂತಿದೆ. ಅಪ್ಪ ಹೋಗುವ ಮುಂಚೆ ರಾಮಮೂರ್ತಿ ನಗರದಲ್ಲಿ ಮೂರಂತಸ್ತಿನ ಮನೆ ಕಟ್ಟಿಸಿದರು. ಕೆಳಗಿನ ಎರಡರಲ್ಲಿ ಬಾಡಿಗೆಯವರು, ಮೇಲೆ ಅಮ್ಮ, ನಾನು, ನನ್ನ ಯಜಮಾನರು. ಅಕ್ಕನನ್ನು ಇಂದಿರಾನಗರಕ್ಕೆ ಕೊಟ್ಟಿದ್ದಾರೆ. ಅವಳು ಬರುವುದು ಭಾನುವಾರ ಮಾತ್ರ, ಅದೂ ಹಬ್ಬದ ಹಾಗೆ. ಅವಳು ಪ್ಲಾಸ್ಟಿಕ್ ಡಬ್ಬಿಯಲ್ಲಿ ತಂದ ಟೊಮ್ಯಾಟೊವನ್ನು ಅಮ್ಮ ಎತ್ತಿ ಎತ್ತಿ ನೋಡುತ್ತಾಳೆ. ನಾನು ತಂದ ಟೊಮ್ಯಾಟೊ ಸಾರಿಗೆ ಹೋಗುತ್ತದೆ, ಅದನ್ನು ಯಾರೂ ನೋಡುವುದಿಲ್ಲ. ದಿನಾ ಸಾಯುವವರಿಗೆ ಅಳುವವರು ಯಾರು ಅನ್ನುತ್ತಾರಲ್ಲ, ದಿನಾ ಅಡುಗೆ ಮಾಡುವವರ ಪಾಡೂ ಅಷ್ಟೇ.

ಹೋಗಲಿ, ಟೊಮ್ಯಾಟೊ ಬಿಡಿ. ನನಗೆ ನಿಜವಾಗಿ ಉರಿದದ್ದು ಅವಳು ನನ್ನ ವಿಷಯಕ್ಕೇ ಕೈ ಹಾಕಿದಾಗ.

ನಾನು ಶಿವಾಜಿನಗರದ ಒಂದು ಶಾಲೆಯಲ್ಲಿ ವಿಜ್ಞಾನದ ಟೀಚರು. ಅಭಿಸರಣೆಯ ಪಾಠ ಬಂದರೆ ಪ್ರತಿಸಲ ಒಣದ್ರಾಕ್ಷಿ ಕೊಂಡೊಯ್ಯುತ್ತೇನೆ. ಬರೀ ನೀರಿಗೆ ಹಾಕಿದ ದ್ರಾಕ್ಷಿ ಊದಿಕೊಳ್ಳುತ್ತದೆ. ಅದನ್ನೇ ತೆಗೆದು ಉಪ್ಪು ಕಲಸಿದ ನೀರಿಗೆ ಹಾಕಿದರೆ ಮತ್ತೆ ಸುಕ್ಕಾಗುತ್ತದೆ. "ನಮ್ಮ ಮೈಯಲ್ಲಿರೋ ಒಂದೊಂದು ಜೀವಕೋಶಾನೂ ಹಿಂಗೇ" ಎಂದು ಮಕ್ಕಳಿಗೆ ಹೇಳುತ್ತೇನೆ. "ಕೋಶದ ಒಳಗೆ ಇರೋದರಲ್ಲಿ ಹೆಚ್ಚಿನದು ನೀರೇ. ಒಳಗಿನ ಕೆಲಸ ಎಲ್ಲ ನಡೆಯೋದು ಆ ನೀರಲ್ಲೇ. ಹೊರಗಡೆ ಉಪ್ಪು ಹೆಚ್ಚಾದರೆ ನೀರು ಹೊರಗೆ ಹೋಗತ್ತೆ, ಹೊರಗಡೆ ಕಮ್ಮಿ ಆದರೆ ಒಳಗೆ ನುಗ್ಗತ್ತೆ. ನೀರಿಗೆ ಯಾರ ಮೇಲೂ ಪ್ರೀತಿ ಇಲ್ಲ, ಉಪ್ಪು ಜಾಸ್ತಿ ಇರೋ ಕಡೆಗೆ ಹೋಗತ್ತೆ ಅಷ್ಟೆ." ಮಕ್ಕಳು ಪಾಠ ಕೇಳುವುದಕ್ಕಿಂತ ದ್ರಾಕ್ಷಿ ಯಾವಾಗ ತಿನ್ನಲು ಕೊಡುತ್ತೀನಿ ಎಂದು ಕಾಯುತ್ತಿರುತ್ತಾರೆ.

ಇದನ್ನೆಲ್ಲ ಮನೆಯಲ್ಲಿ ಹೇಳಲು ಹೋದರೆ ಅಮ್ಮ ಆಕಳಿಸುತ್ತಿದ್ದಳು. ಅಂಥ ಅಮ್ಮನ ಎದುರು ಒಂದು ಭಾನುವಾರ ಅಕ್ಕ ಜಿಮ್ಮಿನಿಂದ ತಂದ ಕಾಗದ ಬಿಚ್ಚಿ ಕೂತಳು. ಅಲ್ಲಿ ಯಾವುದೋ ಮೆಷಿನ್ ಮೇಲೆ ಬರಿಗಾಲಲ್ಲಿ ನಿಂತರೆ ಮೈಯಲ್ಲಿ ಕೊಬ್ಬೆಷ್ಟು, ಸ್ನಾಯುವೆಷ್ಟು, ಕೋಶದ ಒಳಗೆ ನೀರೆಷ್ಟು, ಹೊರಗೆಷ್ಟು ಎಂದು ಅಚ್ಚು ಹಾಕಿ ಕೊಡುತ್ತದಂತೆ.

"ನೋಡಮ್ಮ, ನನ್ನ ಸೆಲ್ಸ್ ಒಳಗಡೆ ನೀರು ಪರ್ಫೆಕ್ಟ್ ಆಗಿದೆಯಂತೆ. ಟ್ರೈನರ್ರೇ ಆಶ್ಚರ್ಯಪಟ್ಟ. ವಯಸ್ಸಾದ ಹಾಗೆ ಒಳಗಿನ ನೀರು ಕಮ್ಮಿ ಆಗತ್ತೆ, ಅದಕ್ಕೇ ಚರ್ಮ ಸುಕ್ಕಾಗೋದು, ಸುಸ್ತಾಗೋದು. ನೀನು ನೀರೇ ಕುಡಿಯಲ್ಲ."

"ಹೌದೇನೇ? ನಮ್ ಮೈಯಾಗೆ ಅಷ್ಟೊಂದು ಐತಾ?" ಅಮ್ಮ ಗಲ್ಲದ ಮೇಲೆ ಕೈಯಿಟ್ಟುಕೊಂಡು ಕೇಳಿದಳು.

ನಾನು ಅಡುಗೆಮನೆಯಿಂದಲೇ, "ವಯಸ್ಸಾದವರಿಗೆ ಬಾಯಾರಿಕೆ ಕಮ್ಮಿ ಆಗೋದು ನಿಜ, ಹಂಗಂತ ಕೊಡಗಟ್ಟಲೆ ಕುಡಿದರೆ ಸುಕ್ಕು ಹೋಗಲ್ಲ" ಅಂದೆ.

"ನೀನ್ ಸುಮ್ಕಿರೇ, ಅವ್ಳು ತಿಳಕೊಂಡು ಬಂದವ್ಳೆ" ಅಂದಳು ಅಮ್ಮ.

ತಿಳಕೊಂಡು ಬಂದವಳಂತೆ! ಬಿ.ಎಸ್ಸಿ. ಮಾಡಿದವಳು ಒಗ್ಗರಣೆ ಹಾಕುತ್ತಿದ್ದೇನೆ, ಮೆಷಿನ್ ಮೇಲೆ ನಿಂತು ಇಳಿದವಳು ಪಂಡಿತೆ.

ಮುಂದಿನ ವಾರ ಅಕ್ಕ ದೊಡ್ಡದೊಂದು ಬಾಟಲಿ ತಂದಳು, ಮೈಮೇಲೆ ಗೆರೆ ಎಳೆದದ್ದು. ಈ ಗೆರೆಯವರೆಗೆ ತಿಂಡಿಗೆ ಮುಂಚೆ, ಈ ಗೆರೆಯವರೆಗೆ ಊಟದ ಹೊತ್ತಿಗೆ. ಜೊತೆಗೆ, "ಬಿ.ಪಿ. ಇರೋರಿಗೆ ಉಪ್ಪು ವಿಷ ಅಮ್ಮ, ಬಿಟ್ಟೇಬಿಡು" ಎಂದೂ ಹೇಳಿ ಹೋದಳು. ನಾನು ಉಪ್ಪಿನಕಾಯಿ ಕಡಿಮೆ ಮಾಡು ಎಂದು ಗೋಗರೆದಾಗ ಮುಖ ತಿರುಗಿಸುತ್ತಿದ್ದ ಅಮ್ಮ, ಅಕ್ಕನ ಒಂದು ಮಾತಿಗೆ ಸಪ್ಪೆ ಅನ್ನ, ಸಪ್ಪೆ ಸಾರು ತಿನ್ನತೊಡಗಿದಳು. ಬಾಟಲಿಯನ್ನು ಮಗುವಿನಂತೆ ಮಡಿಲಲ್ಲಿ ಇಟ್ಟುಕೊಂಡು ಕೂರುತ್ತಿದ್ದಳು. ಬಿಸಿಲು ಬೇರೆ ಏರುತ್ತಿತ್ತು. ಉಷ್ಣ ಆಗಿದೆ ಎಂದು ಬಾರ್ಲಿ ನೀರು, ಅದರ ಮೇಲೆ ಮತ್ತೆ ಬಾಟಲಿ. "ನೀನ್ ಕೊಟ್ಟಿದ್ನ ಒಂದ್ ದಿನಾನೂ ತಪ್ಸಿಲ್ಲ ಕಣೇ" ಎಂದು ಫೋನಿನಲ್ಲಿ ಅಕ್ಕನಿಗೆ ಹೇಳುತ್ತಿದ್ದಳು. ಬಾಟಲಿ ತುಂಬಿಸಿ ಕೊಡುತ್ತಿದ್ದವಳು ನಾನೇ ಆದರೂ ಹೆಸರು ಅವಳದ್ದೇ.

ಒಂದು ಶನಿವಾರ ಅಮ್ಮ ಮಂಕಾದಳು. ತಲೆನೋವು ಅಂದಳು, ವಾಕರಿಕೆ ಅಂದಳು, ಬಚ್ಚಲಿಗೆ ಹೋಗುವಾಗ ಗೋಡೆ ಹಿಡಿದಳು. ಬಿಸಿಲಿಗೆ ಹೀಗೆ ಎಂದುಕೊಂಡೆ. ಭಾನುವಾರ ಬೆಳಿಗ್ಗೆ ಎದ್ದವಳೇ, "ರಾಗಿ ತೆನೆ ಕುಯ್ಸಿದ್ರಾ? ಮಳೆ ಬರಂಗೈತೆ" ಎಂದು ಕೇಳಿದಳು. ಹೊಲವೇ ಇಲ್ಲ, ಎಲ್ಲಿಯ ತೆನೆ! ನನ್ನ ಯಜಮಾನರನ್ನು ನೋಡಿ ಅಪ್ಪನೊಂದಿಗೆ ಮಾತಾಡುವ ಹಾಗೆ ಸೆರಗು ಸರಿಮಾಡಿಕೊಂಡಳು. ತಕ್ಷಣ ಅಕ್ಕನಿಗೆ ಫೋನ್ ಮಾಡಿ, "ಆಸ್ಪತ್ರೆಗೆ ಕರ್ಕೊಂಡ್ ಹೋಗ್ತಿದ್ದೀನಿ" ಅಂದೆ.

"ನಾನ್ ಬರೋವರೆಗೂ ಎಲ್ಲೂ ಕದಲಿಸ್ಬೇಡ. ನೀನೊಬ್ಳೇ ಡಿಸೈಡ್ ಮಾಡ್ಬೇಡ" ಅಂದಳು. ಅಮ್ಮನ ವಿಷಯದಲ್ಲಿ ತೀರ್ಮಾನ ಮಾಡುವ ಹಕ್ಕೂ ಇಂದಿರಾನಗರದಿಂದಲೇ ಬರಬೇಕು.

ಅಷ್ಟರಲ್ಲಿ ಚಿಕ್ಕಮ್ಮ ಬಂದಳು, ಅಮ್ಮನ ತಂಗಿ. ಪಕ್ಕದ ಬೀದಿಯಲ್ಲೇ ಇದ್ದಾಳೆ. ಅಮ್ಮನ ಮಾತು ಕೇಳಿದವಳೇ ಬಾಯಿಗೆ ಸೆರಗು ಹಿಡಿದಳು. "ಹೊಲ ಕಾಣ್ತೈತೆ ಅಂದ್ರೆ ಮುಗೀತು ಕಣಮ್ಮ. ನಮ್ ಅವ್ವಂಗೂ ಹಿಂಗೇ ಆಗಿದ್ದು. ಹೋದೋರು ಬಂದು ಕರೀತವ್ರೆ. ಆಸ್ಪತ್ರೇಲಿ ಪ್ರಾಣ ಬಿಡ್ಬಾರ್ದು ಅಂತ ಅವ್ಳೇ ಹೇಳಿದ್ಲಲ್ಲ" ಎಂದು, ನಾನು ಬೇಡ ಬೇಡ ಎನ್ನುತ್ತಿದ್ದರೂ ಊರಿನ ನೆಂಟರಿಗೆಲ್ಲ ಫೋನ್ ಮಾಡಿದಳು. ದೇವರ ಮನೆಯಿಂದ ಬೆಸುಗೆ ಹಾಕಿದ ಗಂಗೆಯ ಗಿಂಡಿಯನ್ನು ತಂದು ಒಡೆಸಿ, ಅದು ಸಾಲದೆಂದು ಹಿತ್ತಾಳೆ ಚೊಂಬಿನಲ್ಲಿ ನಲ್ಲಿ ನೀರಿಗೆ ಬೆರೆಸಿ, ತುಳಸಿ ಹಾಕಿ ಇಟ್ಟಳು. ಸುಳ್ಳು ಯಾಕೆ, ಆ ಗಳಿಗೆ ನನಗೂ ನಂಬಿಕೆ ಬಂತು. ಅಮ್ಮ ಹೊರಟಳು ಎಂದೇ ಅನ್ನಿಸಿತು.

ಅಕ್ಕ ಟಿನ್ ಫ್ಯಾಕ್ಟರಿ ಸಿಗ್ನಲ್ಲಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದಳು. ಅವಳಿಗೇ ಮೊದಲ ಹಕ್ಕು, ಅವಳು ಬರಲಿ ಎಂದು, ಅಷ್ಟರಲ್ಲಿ ಬಂದು ಸೇರಿದ್ದ ನೆಂಟರೆಲ್ಲ ಚೊಂಬು ಹಿಡಿದು ಕಾದರು. ಬಂದಳು. ಚಪ್ಪಲಿ ಬಿಟ್ಟವಳೇ ಅಳುತ್ತ ಕೂತು ಲೋಟದಿಂದ ನೀರು ಬಿಟ್ಟಳು. ಅಮ್ಮನ ಬಾಯಿ ಒಣಗಿತ್ತು, ಗಟಗಟ ಕುಡಿದಳು. "ನೋಡಿದ್ರಾ, ದೊಡ್ಡ ಮಗ್ಳ ಕೈಗೆ ಕಾಯ್ತಿತ್ತು ಜೀವ" ಎಂದು ಯಾರೋ ಅಂದರು. ಇನ್ನೂ ಬಿಡು, ಇನ್ನೂ ಬಿಡು ಎಂದರು. ಆಮೇಲೆ ಚಿಕ್ಕಮ್ಮ, ಆಮೇಲೆ ಸೋದರಮಾವ, ಅವರ ಹೆಂಡತಿ, ಅವರ ಸೊಸೆ. ಒಬ್ಬೊಬ್ಬರೂ ಚಮಚದ ಲೆಕ್ಕದಲ್ಲಿ ಅಲ್ಲ, ಪುಣ್ಯ ಬರಲಿ ಎಂದು ಲೋಟದ ಲೆಕ್ಕದಲ್ಲಿ. ದಿನಾ ಅನ್ನ ಹಾಕಿದ ನಾನು ಬಾಗಿಲಿಗೆ ಒರಗಿ ನಿಂತಿದ್ದೆ.

ಎಲ್ಲ ಮುಗಿದ ಮೇಲೆ ಚಿಕ್ಕಮ್ಮ ನನ್ನ ಕಡೆ ತಿರುಗಿ, "ಬಾರಮ್ಮ, ನೀನೂ ಒಂದಿಷ್ಟು ಬಿಡು, ಉಳಿದೈತೆ" ಅಂದಳು.

ಉಳಿದೈತೆ! ಹಬ್ಬದ ಪಂಕ್ತಿಯಲ್ಲಿ ಕೊನೆಗೆ ಕೂತವರಿಗೆ ಪಾತ್ರೆ ಕೆರೆದು ಬಡಿಸುವಾಗ ಹೇಳುವ ಮಾತು ಅದು.

"ನಾನ್ ಬಿಡಲ್ಲ" ಅಂದೆ.

"ಏನ್ ಮಾತಾಡ್ತಿದ್ದೀಯೇ?" ಎಂದಳು ಅಕ್ಕ.

"ನಾನೂ ಬಿಡಲ್ಲ, ಇನ್ನು ಯಾರೂ ಬಿಡೋದು ಬೇಡ." ಚಿಕ್ಕಮ್ಮನ ಕೈಯಿಂದ ಚೊಂಬು ಕಿತ್ತುಕೊಂಡು ಅಡುಗೆಮನೆಗೆ ಹೋಗಿ ಸಿಂಕಿಗೆ ಸುರಿದುಬಿಟ್ಟೆ. ಗಂಗೆಯನ್ನು! ಎಂಜಲು ತಟ್ಟೆಗಳ ಮೇಲೆ! ಹಾಲಿನಲ್ಲಿ ಹಾಹಾಕಾರ ಎದ್ದಿತು.

"ಹೊಟ್ಟೆಕಿಚ್ಚು ಕಣ್ರೀ ಇದು! ಅಕ್ಕನ ಕೈಲಿ ಕುಡುದ್ಲು ಅಂತ ಹೊಟ್ಟೆಕಿಚ್ಚು! ಸಾಯೋ ತಾಯಿ ಬಾಯಿಗೆ ನೀರಿಲ್ದಂಗ್ ಮಾಡಿದ್ಲಲ್ಲಪ್ಪಾ" ಎಂದು ಚಿಕ್ಕಮ್ಮ ಎದೆ ಬಡಿದುಕೊಂಡಳು.

ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಆ ಕ್ಷಣದಲ್ಲಿ ನನ್ನೊಳಗೆ ವಿಜ್ಞಾನವೂ ಇರಲಿಲ್ಲ, ಮಣ್ಣೂ ಇರಲಿಲ್ಲ, ಕಿಚ್ಚೊಂದೇ. ವಿಜ್ಞಾನ ಬಂದದ್ದು ಆಮೇಲೆ. ಒಳಗಿನಿಂದ ಅಮ್ಮ ಕಾರಿಕೊಂಡ ಸದ್ದು ಬಂತು. ಓಡಿಹೋದರೆ ಕಣ್ಣು ಮೇಲೆ ಸಿಕ್ಕಿಕೊಂಡಿತ್ತು, ಒಂದು ಕೈ ಅದುರುತ್ತಿತ್ತು. ಮೈಗೆ ನೀರು ಸೇರಿದೆಯೇನೋ ಎಂದು ಕಾಲು ಒತ್ತಿ ನೋಡಿದೆ, ಊತವಿಲ್ಲ. ಆದರೆ ನೀರು ಕುಡಿದ ಮೇಲೇ ಇನ್ನೂ ಹದಗೆಟ್ಟಳಲ್ಲ ಎಂದು ಹೊಳೆಯಿತು. ಉಪ್ಪು ಬಿಟ್ಟಿದ್ದಾಳೆ, ನೀರು ಸುರಿದುಕೊಂಡಿದ್ದಾಳೆ. ಮಕ್ಕಳಿಗೆ ತೋರಿಸುವ, ಬರೀ ನೀರಲ್ಲಿ ಊದಿದ ದ್ರಾಕ್ಷಿ ನನ್ನ ಮನೆಯ ಮಂಚದ ಮೇಲೇ ಮಲಗಿತ್ತು.

ಕೆಳಗಿನ ಬಾಡಿಗೆಯವನು ತಮಿಳಿನವನು, ಟ್ಯಾಕ್ಸಿ ಓಡಿಸುತ್ತಾನೆ, ಅಮ್ಮನನ್ನು ತನ್ನ ಅಜ್ಜಿಯಂತೆ ಪಾಟಿಯಮ್ಮ ಅನ್ನುತ್ತಾನೆ. ಕೂಗಿದೆ. "ಏನಾಯ್ತಕ್ಕಾ? ಬನ್ನಿ, ಪಾಟಿಯಮ್ಮನ್ನ ನಾನ್ ಎತ್ಕೊತೀನಿ" ಎಂದು ಬಂದು ಅಮ್ಮನನ್ನು ತೋಳಲ್ಲಿ ಎತ್ತಿಕೊಂಡ. ಚಿಕ್ಕಮ್ಮ ಬಾಗಿಲಿಗೆ ಅಡ್ಡ ನಿಂತಳು. ಪಕ್ಕಕ್ಕೆ ತಳ್ಳಿದೆ, ಹೌದು ತಳ್ಳಿದೆ. ಅಕ್ಕನೂ ಕಾರಿನೊಳಗೆ ಬಂದು ಕೂತಳು.

ಹಲಸೂರಿನ ಕಡೆಯ ಆಸ್ಪತ್ರೆಯಲ್ಲಿ ರಕ್ತ ತೆಗೆದುಕೊಂಡು ಹೋದರು. ಸ್ವಲ್ಪ ಹೊತ್ತಿಗೆ ಡಾಕ್ಟರಮ್ಮ ಬಂದು, ಏನು ತಿನ್ನುತ್ತಾರೆ, ಯಾವ ಮಾತ್ರೆ, ಎಷ್ಟು ನೀರು ಎಂದು ಕೇಳಿದರು. ನಾನು ಹೇಳಿದೆ, ಬಾಟಲಿಯ ವಿಷಯವನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಗಂಗೆಯ ಲೋಟಗಳನ್ನೂ, ಅದು ನಡುವೆ ನಿಂತದ್ದನ್ನೂ ಹೇಳಿದೆ.

"ರಕ್ತದಲ್ಲಿ ಸೋಡಿಯಂ ತುಂಬಾ ಇಳಿದುಬಿಟ್ಟಿದೆ. ಬಿ.ಪಿ.ಗೆ ತಗೋತಿರೋ ಮಾತ್ರೇನೇ ಉಪ್ಪನ್ನ ಯೂರಿನ್ನಲ್ಲಿ ಕಳಿಸೋ ಅಂಥದ್ದು. ಅದರ ಮೇಲೆ ಊಟದಲ್ಲೂ ಉಪ್ಪಿಲ್ಲ, ಮೇಲಿಂದ ಇಷ್ಟು ನೀರು. ಹೊರಗೆ ಉಪ್ಪು ಕಮ್ಮಿ ಆದಾಗ ನೀರೆಲ್ಲ ಸೆಲ್ ಒಳಗೆ ನುಗ್ಗತ್ತೆ. ಕೈಕಾಲಿನ ಸೆಲ್ ಊದಿದ್ರೆ ಜಾಗ ಇದೆ, ಗೊತ್ತಾಗಲ್ಲ. ಮಿದುಳಿಂದು ಊದಿದ್ರೆ ಜಾಗ ಎಲ್ಲಿದೆ? ತಲೆಬುರುಡೆ ಹಿಗ್ಗಲ್ಲ. ಅದಕ್ಕೇ ಈ ಕನವರಿಕೆ, ಫಿಟ್ಸ್" ಅಂದರು. ಆಮೇಲೆ ನಮ್ಮನ್ನು ನೋಡಿ, "ಇನ್ನೂ ಕುಡಿಸ್ತಾ ಇದ್ದಿದ್ರೆ ಕಷ್ಟ ಆಗ್ತಿತ್ತು. ನೀರು ನಿಲ್ಲಿಸಿದ್ದು ಯಾರು?" ಎಂದು ಕೇಳಿದರು.

"ನಾನು" ಅಂದೆ.

"ಒಳ್ಳೇ ಕೆಲಸ ಮಾಡಿದ್ರಿ. ಈಗ ಉಪ್ಪಿನ ಡ್ರಿಪ್ಪು ನಿಧಾನಕ್ಕೇ ಹಾಕ್ಬೇಕು. ಆತುರ ಮಾಡಿದ್ರೆ ಊದಿರೋ ಸೆಲ್ಸ್ ಒಂದೇ ಸಲ ಕುಗ್ಗಿ ಮಿದುಳಿಗೇ ಏಟು ಬೀಳತ್ತೆ. ನಾವು ಹೇಳಿದ್ದಕ್ಕಿಂತ ಒಂದು ಗುಟುಕೂ ಜಾಸ್ತಿ ನೀರು ಕೊಡ್ಬೇಡಿ. ಬೇಡ್ತಾರೆ, ಬೈತಾರೆ, ಕೊಡ್ಬೇಡಿ."

ಅಕ್ಕ ಕಾರಿಡಾರಿನ ಕುರ್ಚಿಯಲ್ಲಿ ಕುಸಿದು ಕೂತಳು. ಅವಳನ್ನು ನೋಡಿ ನನಗೆ ಸಂತೋಷವಾಯಿತು. ಆಗಬಾರದಿತ್ತು, ಆಯಿತು. ಪರ್ಫೆಕ್ಟ್ ನೀರಿನವಳು ಈಗ ಏನು ಹೇಳುತ್ತಾಳೋ ನೋಡೋಣ ಅನ್ನಿಸಿತು. ಆದರೆ ನನ್ನ ಸಂತೋಷ ಎಷ್ಟು ಹೊತ್ತಿನದು! ಅಮ್ಮನಿಗೆ ಅರೆಬರೆ ಎಚ್ಚರ ಬಂದದ್ದೇ ನೀರು ನೀರು ಎಂದು ಶುರುಮಾಡಿದಳು. ಅಕ್ಕ ನೋಡಲಾಗದೆ ಹೊರಗೆ ಹೋಗಿ ಅತ್ತಳು. ಪಕ್ಕದಲ್ಲಿ ಕೂತು ಇಲ್ಲ ಅನ್ನುವ ಕೆಲಸ ನನ್ನ ಪಾಲಿಗೆ ಬಂತು. ನೀರು ಕೊಟ್ಟು ಕೆಡಿಸಿದವಳು ದೇವತೆ, ಕೊಡದೆ ಕಾಯುವವಳು ರಾಕ್ಷಸಿ.

"ಪಾಪಿಮುಂಡೆ, ಒಂದ್ ತೊಟ್ಟು ಕೊಡೇ" ಅಂದಳು ಅಮ್ಮ.

"ಕೊಡಲ್ಲ. ಡಾಕ್ಟ್ರು ಬೇಡ ಅಂದಿದ್ದಾರೆ."

"ದೊಡ್ಡೋಳ್ನ ಕರಿ. ಅವ್ಳು ಕೊಡ್ತಾಳೆ. ಅವ್ಳಿಗೆ ಕರುಳೈತೆ."

ಒದ್ದೆ ಹತ್ತಿಯಿಂದ ತುಟಿ ಒರೆಸಿದರೆ ಅದನ್ನೇ ಹಲ್ಲಿನಿಂದ ಕಚ್ಚಿ ಹೀರಲು ನೋಡಿದಳು. ನನ್ನ ಕಣ್ಣಲ್ಲಿ ನೀರು ಬಂತು, ಕರುಣೆಗೂ ಬಂತು, ಸಿಟ್ಟಿಗೂ ಬಂತು. ತಲೆಯೊಳಗೆ ಅಷ್ಟು ನೀರು ತುಂಬಿಕೊಂಡು ನನ್ನನ್ನು ಗುರುತಿಸದವಳು ಅಕ್ಕನ ಕರುಳನ್ನು ಮಾತ್ರ ಮರೆತಿರಲಿಲ್ಲ.

ಹನಿ ಹನಿಯಾಗಿ ಉಪ್ಪು ಇಳಿಯಿತು, ಅಮ್ಮ ಒಂದೊಂದೇ ಮೆಟ್ಟಿಲು ಹತ್ತಿ ನಮ್ಮ ಕಡೆ ಬಂದಳು. ಮೊದಲು ರಾಗಿ ಹೊಲ ಹೋಯಿತು. ಆಮೇಲೆ ನನ್ನ ಯಜಮಾನರು ಅಳಿಯನಾದರು. ವಾರ್ಡಿಗೆ ಕಳಿಸಿದ ದಿನ ಕಾಫಿ ನೀರಾಗಿದೆ ಎಂದು ನನ್ನನ್ನು ಬೈದಳು, ಆಗ ಪೂರ್ತಿ ಹುಷಾರಾದಳು ಎಂದು ಗೊತ್ತಾಯಿತು.

ಆ ಸಂಜೆ ಎಲ್ಲರೂ ನೋಡಲು ಬಂದಿದ್ದರು. ಅಕ್ಕ ಮಂಚದ ತಲೆಯ ಕಡೆ ಕೂತು ಅಮ್ಮನ ಕೂದಲು ಬಾಚುತ್ತಿದ್ದಳು, ನಾನು ಕಾಲಿನ ಕಡೆ ನಿಂತು ಹೊದಿಕೆ ಮಡಿಸುತ್ತಿದ್ದೆ. ನಾನು ತಳ್ಳಿದ್ದು ಚಿಕ್ಕಮ್ಮನಿಗೆ ಇನ್ನೂ ಉರಿಯುತ್ತಿತ್ತು.

"ನಾವೆಲ್ಲ ಒಂದೊಂದ್ ಲೋಟ ನೀರು ಬಿಟ್ವಕ್ಕ ನಿನ್ ಬಾಯಿಗೆ. ಇವ್ಳೊಬ್ಳು ಬಿಡ್ಲಿಲ್ಲ. ಅಷ್ಟೇ ಅಲ್ಲ, ಗಂಗೇನ ಸಿಂಕಿಗೆ ಸುರುದ್ಲು. ಕೇಳ್ಕೋ ನಿನ್ ಮಗ್ಳ ಬುದ್ಧೀನ" ಎಂದು ಚಾಡಿ ಹೇಳಿದಳು.

ಅಮ್ಮ ಅಕ್ಕನ ಕೈಯಿಂದ ಜಡೆ ಬಿಡಿಸಿಕೊಂಡು, "ನೀನೂ ಬಿಟ್ಯಾ?" ಎಂದು ಕೇಳಿದಳು.

"ಹೂಂ ಅಮ್ಮ. ನಾನೇ ಮೊದಲು ಬಿಟ್ಟಿದ್ದು. ನೀನೇ ಹೇಳಿದ್ದೆಯಲ್ಲ..."

"ಹೇಳಿದ್ದೆ, ನಿಜ. ಹಂಗಂತ ಉಸ್ರು ಆಡ್ತಿರೋವಾಗ್ಲೇ ಎಳ್ಳು ನೀರು ಬಿಟ್ಬಿಡದಾ? ಇನ್ನೊಂದ್ ಗಳಿಗೆ ನೋಡನ ಅನ್ನುಸ್ಲಿಲ್ವಾ?"

ಅಮ್ಮ ನನ್ನ ಕಡೆ ನೋಡಿದಳು. "ನೀನ್ಯಾಕ್ ಬಿಡ್ಲಿಲ್ಲ?"

ಎಲ್ಲರೂ ನನ್ನತ್ತ ತಿರುಗಿದರು. ನಿಜವಾದ ಉತ್ತರ ನಾಲಿಗೆಯ ತುದಿಗೇ ಬಂದಿತ್ತು. ನನ್ನನ್ನು ಕೊನೆಗೆ ಕರೆದರಲ್ಲ, ಅದಕ್ಕೆ. ಬಾಯಿ ತೆರೆದೆ. ಅಷ್ಟರಲ್ಲಿ ಅಮ್ಮನೇ ಮಾತಾಡಿದಳು.

"ಬಿಡಿ, ನಂಗೊತ್ತು. ಎಲ್ರೂ ಕಳ್ಸಕ್ಕೆ ನಿಂತಿದ್ರಿ. ಇವ್ಳೊಬ್ಳೇ ಕಳ್ಸಕ್ಕೆ ಒಪ್ಪಲಿಲ್ಲ. ಬಾ ಇಲ್ಲಿ, ಹತ್ರ ಕೂತ್ಕೋ." ತಲೆಯ ಕಡೆ ಜಾಗ ಮಾಡಲು ಅಕ್ಕನನ್ನು ಸರಿಯುವಂತೆ ಕೈಸನ್ನೆ ಮಾಡಿದಳು.

ಅಕ್ಕ ಎದ್ದು ನಿಂತು ನನ್ನನ್ನು ನೋಡಿದಳು. ಇಷ್ಟು ವರ್ಷ ನಾನು ಅವಳನ್ನು ನೋಡುತ್ತಿದ್ದದ್ದೂ ಹಾಗೇ, ಅದು ಏನು ನೋಟ ಎಂದು ಯಾರೂ ನನಗೆ ಹೇಳಿಕೊಡಬೇಕಿರಲಿಲ್ಲ. ನಾನು ಬಾಯಿ ಮುಚ್ಚಿಕೊಂಡು ಹೋಗಿ ಅವಳ ಜಾಗದಲ್ಲಿ ಕೂತೆ.